ಇಬ್ಬರಿಗೂ ಅದೇ ಹೆಸರು

ಗಂಡ ಸತ್ತ ಮೇಲೆ ತಾಮು ಫೆಸ್ ಪಟ್ಟಣದ ಹಳೆಯ ಕೇರಿಯಲ್ಲಿ ಕಸೂತಿ ಹಾಕಿ ಇಬ್ಬರು ಮಕ್ಕಳನ್ನು ಬೆಳೆಸಿದಳು. ನೀಲಿ ದಾರ ಅವಳ ಕೈಯಲ್ಲಿ ಎಂದೂ ಸಿಕ್ಕು ಬೀಳಲಿಲ್ಲ. ಸಿಕ್ಕಾಗಿ ಉಳಿದದ್ದು ಆಟಿಸಂ ಎಂಬ ಒಂದು ಶಬ್ದ. ಮಗ ಜಿಲಾಲಿಗೆ ಮಾತು ಬಾರದು. ಆ ಹೆಸರು ಅವನಿಗೆ ಎಳವೆಯಲ್ಲೇ ಅಂಟಿತ್ತು. ಮಗಳು ಬತೂಲ್ ಮಾತು ಶುರುವಿಟ್ಟುಕೊಂಡರೆ ನಿಲ್ಲಿಸುವವರಿಲ್ಲ. ಅವಳದು ಗಾಬರಿಯ ಕಾಯಿಲೆ ಎಂದರು ಒಬ್ಬ ವೈದ್ಯರು. ಆಸ್ಪರ್ಜರ್ ಎಂದರು ಇನ್ನೊಬ್ಬರು. ಆ ಹೆಸರು ಈಗ ಬಳಕೆಯಲ್ಲಿಲ್ಲ, ಇದೂ ಆಟಿಸಮ್ಮೇ ಎಂದಳು ಕಳೆದ ವರ್ಷ ರಾಜಧಾನಿ ರಬಾತಿನ ವೈದ್ಯೆ.

“ಅವನು ಬಾಯಿ ಬಿಡಲ್ಲ, ಇವಳು ಬಾಯಿ ಮುಚ್ಚಲ್ಲ. ಇಬ್ಬರಿಗೂ ಒಂದೇ ಹೆಸರು ಹೆಂಗಮ್ಮಾ?”

“ಅದರಲ್ಲಿ ಬಗೆಬಗೆ ಇರುತ್ತೆ, ತಾಯಿ.”

ತಾಮು ತಲೆಯಾಡಿಸಿದಳೇ ಹೊರತು ಅವಳಿಗೆ ಏನೂ ತಿಳಿಯಲಿಲ್ಲ.

ಆಮೇಲೆ ಚರ್ಮದ ಚಪ್ಪಲಿ ಮಾರುವ ಹುಡುಗನೊಬ್ಬ ಬತೂಲಳನ್ನು ಮೆಚ್ಚಿದ. ಅವನ ತಾಯಿ ಲಲ್ಲಾ ಝೊಹ್ರಾ ಶುಕ್ರವಾರ ಚಹಾಕ್ಕೆ ಬರುವುದೆಂದಾಯಿತು. ಜಿಲಾಲಿಯನ್ನು ಕಂಡರೆ ಸಂಬಂಧ ಮುರಿದೀತೆಂದು ತಾಮು ಅವನನ್ನು ತಂಗಿಯ ಮನೆಗೆ ಸಾಗಹಾಕಿದಳು. ಆದರೆ ಶುಕ್ರವಾರದ ಕುಸ್‌ಕುಸ್ಸನ್ನು ಜಿಲಾಲಿ ತನ್ನ ಮೂಲೆಯಲ್ಲಲ್ಲದೆ ಬೇರೆಲ್ಲೂ ಉಣ್ಣುವವನಲ್ಲ. ಒಬ್ಬನೇ ಹಿಂದಿರುಗಿ ಬಂದ. ಬಂದವನೇ, ಆಗಲೇ ಬಂದಿದ್ದ ಲಲ್ಲಾ ಝೊಹ್ರಾಳ ಪಕ್ಕ ಕುಳಿತು ಅವಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ.

“ಅಯ್ಯೋ ನನ್ನ ಕಂದ! ಬರಕತ್ತಿರೋ, ದೇವರ ಕೃಪೆಯ ಮಗು ಕಣೆ ಇದು. ಇವನನ್ನ ಯಾಕೆ ಬಚ್ಚಿಟ್ಟಿದ್ದೆ?”

ಅಷ್ಟರಲ್ಲಿ ಬತೂಲ್ ಚಹಾ ತಂದಳು. ಮುತ್ತಿಡಲು ಎದ್ದ ಅತಿಥಿಯಿಂದ ಹಿಂದೆ ಸರಿದಳು.

“ಮುತ್ತು ಬೇಡ, ನಂಗಾಗಲ್ಲ. ನಿಮ್ಮ ಸೆಂಟೂ ಜಾಸ್ತಿಯಾಯ್ತು.”

ಲಲ್ಲಾ ಝೊಹ್ರಾಳ ಮುಖ ಬಿಗಿಯಿತು. “ಏನಾಗಿದೆ ಇವಳಿಗೆ?”

ಹಲ್ಲುನೋವು ಎನ್ನಬಹುದಿತ್ತು. ನಾಚಿಕೆ ಎಂದರೆ ಬತೂಲಳೇ ಅಲ್ಲಗಳೆಯುತ್ತಿದ್ದಳು. ತಾಮು ಆ ಶಬ್ದವನ್ನೇ ಹೇಳಿಬಿಟ್ಟಳು.

“ಅದು ಮಾತು ಬಾರದ ಇವನಂಥವರದ್ದಲ್ವೇನೆ? ಆಡಿಕೊಳ್ತಿದ್ದೀಯಾ? ಯಾರಿಗೆ ಅದು, ನೆಟ್ಟಗೆ ಹೇಳು.”

“ಇಬ್ಬರಿಗೂ ಅಂತಾರೆ ಲಲ್ಲಾ. ಹೆಂಗೆ ಅಂತ ಮಾತ್ರ ಕೇಳಬೇಡಿ, ನಂಗೇ ಗೊತ್ತಿಲ್ಲ.”

ಅತಿಥಿ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಚಹಾ ಮುಗಿಸದೆ ಎದ್ದು ನಿಲುವಂಗಿ ಸರಿಪಡಿಸಿಕೊಂಡಳು. “ದೇವರಿಟ್ಟರೆ ಹಬ್ಬ ಕಳೆದ ಮೇಲೆ ನೋಡೋಣ.”

ಫೆಸ್‌ನಲ್ಲಿ ಒಲ್ಲೆ ಎನ್ನುವುದೇ ಹೀಗೆ. ಕೇಳಿಸಿಕೊಂಡವರು ಹೂಂ ಎಂದು ಬಾಗಿಲವರೆಗೆ ಕಳಿಸಿಕೊಡುತ್ತಾರೆ, ಮರುಪ್ರಶ್ನೆ ಹಾಕುವುದಿಲ್ಲ.

“ಯಾವ ಹಬ್ಬ?” ಎಂದಳು ಬತೂಲ್. “ಉಪವಾಸ ಮುಗಿಯೋದಾ, ಟಗರು ಕಡಿಯೋದಾ?”

ಲಲ್ಲಾ ಝೊಹ್ರಾ ತಬ್ಬಿಬ್ಬಾದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

“ಉಪವಾಸದ್ದು,” ಎಂಬ ಮಾತು ಬಾಯಿ ತಪ್ಪಿ ಬಂತು. ಮರುಕ್ಷಣವೇ ಅವಳು ಮೆಟ್ಟಿಲಿಳಿದಳು.

“ಬರ್ತಾರಮ್ಮ, ಹೇಳಿದ್ರಲ್ಲ,” ಎಂದಳು ಮಗಳು.

ಅದು ಕೊಟ್ಟ ಮಾತೋ, ತಪ್ಪಿಸಿಕೊಳ್ಳಲು ಆಡಿದ ಮಾತೋ? ಮಗಳನ್ನು ತಿದ್ದಬೇಕೋ, ತಾನೇ ನಂಬಬೇಕೋ? ತಾಮು ಬಾಗಿಲು ಹಾಕುವುದನ್ನೂ ಮರೆತು ನಿಂತಳು.