ಕಾರು ಯಾರ ಹೆಸರಿನಲ್ಲಿದೆಯೋ ಅವರೇ

ತೆಲ್ಮಾಳ ಹೆಸರಿನಲ್ಲಿದ್ದ ಆಸ್ತಿಯೆಂದರೆ ಹನ್ನೆರಡು ವರ್ಷದ ಒಂದು ಹಳೇ ಕಾರು, ಅಷ್ಟೇ. ಬರ್ನ್ಲಿ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಅವಳು ಕೆಲಸಕ್ಕೆ ನಡೆದೇ ಹೋಗುತ್ತಿದ್ದಳು. ಕಾರು ಓಡಿಸುತ್ತಿದ್ದವನು ತಮ್ಮ ನಾರ್ಮನ್. ಗಂಡ ವಿಲ್ಫ್‌ಗೆ ಉಸಿರಿನ ಕಾಯಿಲೆ. ಮೆಟ್ಟಿಲಿಳಿಯಲಾಗದೆ ಮಹಡಿಯ ಕೋಣೆಯಲ್ಲೇ ಎಂಟು ತಿಂಗಳು ಕಳೆದಿದ್ದ. ನೆಲಮಟ್ಟದ ಒಂದು ಬಾಡಿಗೆ ಮನೆ ಸಿಕ್ಕರೆ ಸಾಕು, ಬಿಸಿಲಲ್ಲಿ ಕೂತು ಟೀ ಕುಡಿಯುತ್ತೇನೆ ಎಂದು ದಿನಾ ಕನವರಿಸುತ್ತಿದ್ದ.

ಪಾರ್ಕಿಂಗ್ ಕಂಪನಿಯೊಂದರಿಂದ ಆ ಕಾಗದ ಬಂದದ್ದು ಚಳಿಗಾಲದಲ್ಲಿ. ಸೂಪರ್‌ಮಾರ್ಕೆಟ್ಟಿನ ಅಂಗಳದಲ್ಲಿ ನಾರ್ಮನ್ ನಿಲ್ಲಿಸಿದ್ದ ಕಾರು ನಲವತ್ತು ನಿಮಿಷ ಹೆಚ್ಚಿಗೆ ನಿಂತಿತ್ತು. ಓಡಿಸಿದವರ ಹೆಸರು, ವಿಳಾಸ ತಿಳಿಸಿ, ಇಲ್ಲವಾದರೆ ಕಾರು ನಿಮ್ಮ ಹೆಸರಲ್ಲಿರುವುದರಿಂದ ನೀವೇ ನೂರು ಪೌಂಡ್ ಕಟ್ಟಿ ಎಂದಿತ್ತು.

ನಾರ್ಮನ್ ಬಿದ್ದು ಬಿದ್ದು ನಕ್ಕ. "ಅಯ್ಯೋ ಅಕ್ಕ, ಇದೇನು ಪೊಲೀಸ್ರು ಹಾಕಿದ ದಂಡಾನಾ? ಯಾವನೋ ಕಂಪನಿಯವನ ಬೆದರಿಕೆ. ಕಸದ ಬುಟ್ಟಿಗೆ ಹಾಕು. ಓಡಿಸಿದ್ದು ಯಾರೂಂತ ಅವರಪ್ಪನ ಕೈಲೂ ಸಾಬೀತು ಮಾಡಕ್ಕಾಗಲ್ಲ."

ಪಬ್ಬಿನಲ್ಲಿ ಎಲ್ಲರ ಬಾಯಲ್ಲೂ ಅದೇ ವೇದವಾಕ್ಯ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಓಡಿಸಿದವರ ಹೆಸರು ಹೇಳದಿದ್ದರೆ ಕಾರು ಯಾರ ಹೆಸರಲ್ಲಿದೆಯೋ ಅವರೇ ಕಟ್ಟಬೇಕೆಂದು ಕಾನೂನು ಬದಲಾಗಿ ವರ್ಷಗಳೇ ಕಳೆದಿವೆ ಎಂದು ಆ ಮಹಾನುಭಾವರಿಗೆ ಹೇಳುವವರಾರು! ತಮ್ಮನ ಹೆಸರು ಬರೆದು ಕಳಿಸಿದ್ದರೆ ತೆಲ್ಮಾ ಪಾರಾಗುತ್ತಿದ್ದಳು. ಆದರೆ ಒಡಹುಟ್ಟಿದವನನ್ನು ಹಿಡಿದುಕೊಡುವುದು ಅವರ ಬೀದಿಯಲ್ಲಿ ಕಳ್ಳತನಕ್ಕಿಂತ ಕೀಳು. ಮುಂದೆ ಬಂದ ಲಕೋಟೆಗಳನ್ನು ಒಡೆಯದೆಯೇ ಎಸೆದಳು. ಕೋರ್ಟಿನದೂ ಅವುಗಳ ಜೊತೆಗೇ ಹೋಯಿತು.

ಬೇಸಿಗೆಯಲ್ಲಿ ತೋಟಕ್ಕೆ ಬಾಗಿಲಿರುವ ನೆಲಮಟ್ಟದ ಮನೆಯೊಂದು ಖಾಲಿಯಾಯಿತು. ತೆಲ್ಮಾ ಕೇಳಲು ಹೋದಾಗ ಬಾಡಿಗೆ ಏಜೆಂಟರ ಕಚೇರಿಯ ಹುಡುಗಿ ಕಂಪ್ಯೂಟರ್ ನೋಡಿ ಮುಖ ಸಪ್ಪಗೆ ಮಾಡಿದಳು. "ನೋಡೀಮ್ಮಾ, ಪಾರ್ಕಿಂಗ್ ದಂಡ ಕಟ್ಟಿಲ್ಲಾಂತ ನಿಮ್ಮ ಮೇಲೆ ಕೋರ್ಟಿನ ತೀರ್ಪಿದೆ. ಬಾಕಿ ಉಳಿಸ್ಕೊಂಡವರ ದಾಖಲೆಯಲ್ಲಿ ಹೆಸರಿದ್ರೆ ಯಾವ ಓನರೂ ಮನೆ ಕೊಡಲ್ಲ."

"ಇವತ್ತೇ ಕಟ್ಟಿಬಿಡ್ತೀನಮ್ಮ!"

"ತೀರ್ಪಾದ ತಿಂಗಳೊಳಗೆ ಕಟ್ಟಿದ್ರೆ ಹೆಸರು ತೆಗೀತಿದ್ರು. ಈಗ ಕಟ್ಟಿದ್ರೂ ಆರು ವರ್ಷ ದಾಖಲೆಯಲ್ಲಿ ಇದ್ದೇ ಇರುತ್ತೆ."

ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ನಾರ್ಮನ್ ವಿಷಯ ಕೇಳಿ ತಲೆ ಕೆರೆದುಕೊಂಡ. "ಅಲ್ಲಾ ಅಕ್ಕ, ನನ್ನ ಹೆಸರು ಬರೆದು ಕಳಿಸಬಹುದಿತ್ತಲ್ಲ?"

ತೆಲ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. "ಮುಚ್ಚು ಬಾಯಿ!" ಎಂದವಳೇ ಕಾರು ಹತ್ತದೆ ನಡೆದುಕೊಂಡೇ ಮನೆ ಸೇರಿದಳು.

ವಿಲ್ಫ್ ದಿಂಬಿಗೆ ಒರಗಿ ಕಾಯುತ್ತಿದ್ದ. "ಏನಾಯ್ತೇ? ಯಾವಾಗ ಹೋಗೋಣ?"

"ನಮಗೆ ಕೊಡಲ್ಲವಂತೆ. ಯಾರೂ ಕೊಡಲ್ಲವಂತೆ. ಆರು ವರ್ಷ ಕಾಯಬೇಕಂತೆ ಕಣ್ರೀ."

ಅವನು ಕಷ್ಟಪಟ್ಟು ಎರಡು ಸಲ ಉಸಿರೆಳೆದುಕೊಂಡ. "ಆರು ವರ್ಷ ನನ್ನತ್ರ ಎಲ್ಲಿದೆ, ತೆಲ್ಮಾ?"

ಅವಳು ಕೋಟು ಕೂಡ ಬಿಚ್ಚದೆ ಮಂಚದ ಅಂಚಿನಲ್ಲಿ ಕುಸಿದು ಗೋಳೋ ಎಂದು ಅತ್ತಳು.