ಟೀವಿ ಮುಂದಿನ ರಬ್ಬರ್ ಮ್ಯಾಟು

ಇವತ್ತಿಗೂ ನನ್ನ ಮಗಳು ಮನೆ ಬೆಚ್ಚಗಿಡುವ ರೇಡಿಯೇಟರ್ ಹಿಡಿದು ನಿಂತರೆ, ಅವಳ ಇನ್ನೊಂದು ಕೈ ಎಲ್ಲಿದೆಯೆಂದು ನನ್ನ ಕಣ್ಣು ಹುಡುಕುತ್ತದೆ. ಈಗ ಅವಳಿಗೆ ಮೂರು ವರ್ಷ. ರೇಡಿಯೇಟರಿನಲ್ಲಿ ಬಿಸಿನೀರು ಬಿಟ್ಟರೆ ಬೇರೇನೂ ಇಲ್ಲ, ಟೀವಿಯ ಹಿಂದಿರುವ ಒಂದೊಂದು ವೈರೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಆದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತೇನೆ. ಗಂಡ ನಗುತ್ತಾನೆ. ನಡೆದದ್ದು ಅವನಿಗೂ ಗೊತ್ತು, ಆದರೆ ಆ ಹೊತ್ತಿನಲ್ಲಿ ಅವನು ಮನೆಯಲ್ಲಿರಲಿಲ್ಲ.

ನಮ್ಮ ಮನೆಯಲ್ಲಿ ವೈರು, ಕೇಬಲ್ಲುಗಳ ಖಾತೆ ಮೊದಲಿನಿಂದಲೂ ನನ್ನದು. ಗಂಡನಿಗೆ ಬಲ್ಬ್ ಬದಲಿಸುವುದಕ್ಕೂ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಬೇಕು, ನೋಡಿದ ಮೇಲೆ ನನ್ನನ್ನು ಕರೆಯಬೇಕು. ಆಮ್ಸ್ಟೆಲ್‌ವೀನ್ ಎಂಬ ಡಚ್ ಊರಿನ ಈ ಹಳೆಯ ಫ್ಲಾಟಿಗೆ ಬಂದಾಗ ಟೀವಿ, ಸ್ಪೀಕರು, ಬೆಂಗಳೂರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಅವನ ಹಳೆಯ ಆಂಪ್ಲಿಫೈಯರು ಎಲ್ಲವನ್ನೂ ಜೋಡಿಸಿದವಳು ನಾನೇ. ಆಂಪ್ಲಿಫೈಯರಿನ ಪ್ಲಗ್ಗು ನಮ್ಮೂರಿನ ಮೂರು ಪಿನ್ನಿನದು, ಇಲ್ಲಿನ ಗೋಡೆಗೆ ಹೋಗುವುದಿಲ್ಲ. ಅದಕ್ಕೆಂದೇ ಸೂಟ್‌ಕೇಸಿನಲ್ಲಿ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನೂ ತಂದಿದ್ದೆವು. ನಮ್ಮಲ್ಲಿ ತರದವರು ಯಾರಿದ್ದಾರೆ? ಕುಕ್ಕರು, ಮಸಾಲೆಡಬ್ಬಿ, ಎಕ್ಸ್‌ಟೆನ್ಷನ್ ಬೋರ್ಡು. ಅದಕ್ಕೆ ಇಲ್ಲಿಯ ಅಂಗಡಿಯಿಂದ ಒಂದು ಅಡಾಪ್ಟರ್ ತಂದು ಹಾಕಿದೆ.

ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಹಾಡು ಹಾಕಲಿ ಬಿಡಲಿ, ಸ್ಪೀಕರುಗಳಿಂದ ಸದಾ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಟೀವಿಯಿಂದ ಆಂಪ್ಲಿಫೈಯರಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಬದಲಿಸಿದೆ. ಸ್ಪೀಕರಿನ ವೈರನ್ನು ದಪ್ಪನೆಯದಕ್ಕೆ ಬದಲಿಸಿದೆ. ಚಿನ್ನದ ಬಣ್ಣದ ತುದಿಯ ಕೇಬಲ್ ತಂದೆ. ಗುಂಯ್ ಎನ್ನುವುದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಹದಿನೈದು ದಿನ ಸಂಜೆಯೆಲ್ಲ ಟೀವಿ ಸ್ಟ್ಯಾಂಡಿನ ಹಿಂದೆ ತಲೆ ತೂರಿಸಿಕೊಂಡು ಕೂತಿದ್ದೆ. ಗೋಡೆಯಿಂದ ಟೀವಿಗೆ ಬರುವ ಆಂಟೆನಾ ಕೇಬಲ್ ಕಿತ್ತರೆ ಸದ್ದು ನಿಲ್ಲುತ್ತಿತ್ತು, ಜೊತೆಗೆ ಚಾನೆಲ್ಲುಗಳೂ ಹೋಗುತ್ತಿದ್ದವು. ಕೊನೆಗೆ ಅಂತರ್ಜಾಲದಲ್ಲಿ ಯಾರೋ ಬರೆದದ್ದು ಕಣ್ಣಿಗೆ ಬಿತ್ತು: ಆಂಪ್ಲಿಫೈಯರಿನ ಅರ್ಥಿಂಗ್ ತಪ್ಪಿಸಿ ನೋಡಿ. ಸೂಟ್‌ಕೇಸಿನ ಜೇಬಿನಲ್ಲಿ ವಿಮಾನ ನಿಲ್ದಾಣದಲ್ಲಿ ಕೊಂಡಿದ್ದ ಎರಡು ಪಿನ್ನಿನ ಅಡಾಪ್ಟರ್ ಇತ್ತು. ಅರ್ಥಿಂಗಿನ ಮೂರನೆಯ ಪಿನ್ನಿಗೆ ಅದರಲ್ಲಿ ತೂತಿರುತ್ತದೆ, ಆದರೆ ಒಳಗೆ ಅದು ಎಲ್ಲಿಗೂ ಸೇರಿರುವುದಿಲ್ಲ. ಅಂಗಡಿಯ ಅಡಾಪ್ಟರ್ ತೆಗೆದು ಅದನ್ನು ಹಾಕಿದೆ. ಮನೆ ನಿಶ್ಶಬ್ದವಾಯಿತು.

ದೀಪಾವಳಿಗೆ ಬಂದ ಸ್ನೇಹಿತರೆದುರು ಗಂಡ ಇದನ್ನು ಎರಡು ಸಲ ಹೇಳಿದ. ನಾನು ಬೇಡಬೇಡವೆನ್ನುತ್ತಲೇ ಎರಡೂ ಸಲ ಕೇಳಿಸಿಕೊಂಡೆ.

ನವೆಂಬರಿನಲ್ಲಿ ಮೈಸೂರಿನಿಂದ ಅಮ್ಮ ಬಂದಳು, ಮೂರು ತಿಂಗಳ ವೀಸಾದ ಮೇಲೆ. ಅವಳ ಧಾರಾವಾಹಿಗಳು ಇಲ್ಲಿಯ ಚಾನೆಲ್ಲುಗಳಲ್ಲಿ ಎಲ್ಲಿ ಬರಬೇಕು? ವೈಫೈನಲ್ಲಿ ನಡೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಟೀವಿಗೆ ಸಿಕ್ಕಿಸಿದೆವು. ಇನ್ನು ಆಂಟೆನಾ ಕೇಬಲ್ ಯಾಕೆ ಎಂದು ಕಿತ್ತು, ಸುರುಳಿ ಸುತ್ತಿ, ಡ್ರಾಯರಿನಲ್ಲಿಟ್ಟೆ. ಟೀವಿಯ ಹಿಂದೆ ಒಂದು ವೈರು ಕಡಿಮೆಯಾಯಿತೆಂದು ಖುಷಿಪಟ್ಟೆ.

ಅದಾಗಿ ಮೂರನೆಯ ದಿನ ಆಂಪ್ಲಿಫೈಯರಿನ ಧೂಳು ಒರೆಸುತ್ತಿದ್ದೆ. ಪಕ್ಕದಲ್ಲೇ ರೇಡಿಯೇಟರಿನ ಪೈಪು, ಬಣ್ಣ ಕಿತ್ತುಹೋದದ್ದು. ನನ್ನ ಮೊಣಕೈ ಅದಕ್ಕೆ ತಾಗಿತು. ಅಂಗೈಯಿಂದ ಮೊಣಕೈವರೆಗೆ ಜುಂ ಎಂದಿತು. ಬಟ್ಟೆ ಕೆಳಗೆ ಬಿತ್ತು.

ಚಳಿಗಾಲ, ಒಣ ಹವೆ, ಸ್ವೆಟರಿನ ಕರೆಂಟು ಎಂದುಕೊಂಡೆ. ಆದರೆ ಸ್ವೆಟರಿನ ಕರೆಂಟು ಒಮ್ಮೆ ಚುರ್ ಎಂದು ಹೋಗಿಬಿಡುತ್ತದೆ, ಇದು ಮುಟ್ಟಿದಷ್ಟು ಹೊತ್ತೂ ಇತ್ತು. ಮರುದಿನ ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿದೆ. ಜುಂ. ಅಂಗೈಯಾದರೆ ಕರೆಂಟಿಗೆ ಮುಷ್ಟಿ ಬಿಗಿದುಬಿಡುತ್ತದೆ, ಬೆರಳಿನ ಹಿಂಭಾಗದಿಂದ ನೋಡು ಎಂದು ಕಲಿಸಿದವಳು ಅಮ್ಮ. ಮೈಸೂರಿನ ನಮ್ಮ ಮನೆಯ ಗ್ರೈಂಡರ್ ಹೀಗೆಯೇ ಜುಂ ಎನ್ನುತ್ತಿತ್ತು. ಅಕ್ಕಿ ರುಬ್ಬುವ ಮುಂಚೆ ಅಮ್ಮ ಹಿತ್ತಲ ಬಾಗಿಲಿನಿಂದ ಹವಾಯಿ ಚಪ್ಪಲಿ ತಂದು, ತೊಳೆದು, ಹಾಕಿಕೊಂಡು, ಬೆರಳಿನ ಹಿಂಭಾಗವನ್ನು ಡ್ರಮ್ಮಿಗೆ ತಾಗಿಸಿ ನೋಡಿ, ಆಮೇಲೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಚಪ್ಪಲಿಯೇ ಎಂದು ಅಜ್ಜಿ ಗೊಣಗುತ್ತಿದ್ದಳು. ನಮಗೆಲ್ಲ ಅದೊಂದು ತಮಾಷೆ.

ಆಗಲೇ ಪ್ಲಗ್ಗು ಕಿತ್ತುಹಾಕಬೇಕಿತ್ತು. ಕೀಳಲಿಲ್ಲ. ಕಿತ್ತರೆ ಯಾಕೆಂದು ಹೇಳಬೇಕು, ಹೇಳಿದರೆ ನಾನು ಮಾಡಿದ್ದು ತಪ್ಪೆಂದು ಒಪ್ಪಬೇಕು. ಒಂದು ಮಧ್ಯಾಹ್ನ ಆಫೀಸಿನ ಕೆಲಸದ ನಡುವೆ ಅರ್ಥಿಂಗ್ ತಪ್ಪಿಸಿದರೆ ಏನಾಗುತ್ತದೆಂದು ಹುಡುಕಿದೆ. ಮೂರು ಸಾಲು ಓದಿ ಲ್ಯಾಪ್‌ಟಾಪು ಮುಚ್ಚಿದೆ. ಶನಿವಾರ ಸರಿ ಮಾಡುತ್ತೇನೆ ಎಂದುಕೊಂಡೆ. ಶನಿವಾರ ಬಂತು, ಹೋಯಿತು.

ಹೆದರಿಕೆ ಮಾತ್ರ ಹೋಗಲಿಲ್ಲ. ಮಗಳಿಗೆ ಆಗ ಹನ್ನೊಂದು ತಿಂಗಳು, ಮನೆಯ ಉದ್ದಗಲಕ್ಕೂ ಅಂಬೆಗಾಲಿಡುತ್ತಿದ್ದಳು. ಅವಳು ಟೀವಿಯ ಕಡೆ ತಿರುಗಿದರೆ ಸಾಕು, ಎದ್ದು ಹೋಗಿ ಎತ್ತಿಕೊಂಡು ಬರುತ್ತಿದ್ದೆ. ಆಂಪ್ಲಿಫೈಯರಿನ ಮುಂದೆ ಪುಸ್ತಕಗಳನ್ನು ಜೋಡಿಸಿದೆ. ಅವಳು ಪುಸ್ತಕ ಎಳೆದು ಹಾಕಿದಳು. ಆಂಪ್ಲಿಫೈಯರನ್ನೇ ಸ್ಟ್ಯಾಂಡಿನ ಮೇಲಿನ ಹಲಗೆಗೆ ಏರಿಸಿದೆ. ಕೂತ ಮಗುವಿಗೆ ಎಟುಕದು, ಇನ್ನು ಪರವಾಗಿಲ್ಲ ಎಂದು ಉಸಿರು ಬಿಟ್ಟೆ. ಅವಳು ನಿಲ್ಲುವುದನ್ನು ಕಲಿಯುವ ದಿನ ಹತ್ತಿರವಿದೆ ಎಂಬುದು ನನಗೆ ಹೊಳೆಯಲೇ ಇಲ್ಲವೆಂದರೆ ಅದು ಸುಳ್ಳು. ಹೊಳೆದಿತ್ತು.

ಅದೇ ವಾರಗಳಲ್ಲಿ ಅಮ್ಮನದೊಂದು ಕಿರಿಕಿರಿ ಶುರುವಾಯಿತು. ಬಾತ್‌ರೂಮಿನ ರಬ್ಬರ್ ಮ್ಯಾಟು ತಂದು ಟೀವಿಯ ಮುಂದೆ ಹಾಸುತ್ತಿದ್ದಳು.

“ಏನಮ್ಮ ಇದು, ಬಾತ್‌ರೂಮ್ ಮ್ಯಾಟ್ ಇಲ್ಯಾಕೆ ತಂದು ಹಾಕಿದ್ದೀಯ?” ಎಂದು ಕೇಳಿದೆ.

“ನೆಲ ತಣ್ಣಗಿರುತ್ತೆ ಕಣೆ. ಮಗು ಓಡಾಡುತ್ತಲ್ಲ.”

“ಕಾರ್ಪೆಟ್ ಇಲ್ವಾ?”

“ಇರ್ಲಿ ಬಿಡು. ನಿಂಗೇನು ಕಷ್ಟ?”

ನಾನು ಮ್ಯಾಟನ್ನು ಬಾತ್‌ರೂಮಿಗೆ ಒಯ್ದೆ. ಸಂಜೆ ಅದು ಮತ್ತೆ ಟೀವಿಯ ಮುಂದಿತ್ತು. ಮೂರು ಸಲ ಹೀಗಾದ ಮೇಲೆ ಸಿಡುಕಿದೆ; ಸ್ನಾನಕ್ಕೆ ಹೋದವರು ಜಾರಿ ಬಿದ್ದರೆ ಯಾರು ಹೊಣೆ ಎಂದೆ. ಅಮ್ಮ ಮ್ಯಾಟನ್ನು ತಾನೇ ಬಾತ್‌ರೂಮಿಗೆ ಒಯ್ದಿಟ್ಟಳು. ಮರುದಿನ ಮಾರುಕಟ್ಟೆಯಿಂದ ಮಗುವಿಗೆ ದಪ್ಪ ರಬ್ಬರ್ ಅಡಿಯ ಚಪ್ಪಲಿ ಕೊಂಡು ತಂದು, ಮನೆಯೊಳಗೇ ಹಾಕಿದಳು. ದೇವರ ಪಟದ ಹತ್ತಿರ ಯಾರಾದರೂ ಚಪ್ಪಲಿಯಲ್ಲಿ ಹೋದರೆ ಉರಿದುಬೀಳುವ ಹೆಂಗಸು. ವಯಸ್ಸಾಗುತ್ತಿದೆ, ಏನೇನೋ ಮಾಡುತ್ತಾಳೆ ಎಂದು ನಾನು ಗಂಡನ ಹತ್ತಿರ ಹೇಳಿದೆ.

ಅದೊಂದು ಗುರುವಾರ. ಗಂಡ ಆಫೀಸಿಗೆ ಹೋಗಿದ್ದ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು, ತಲೆಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಮಗಳು ಕಾರ್ಪೆಟ್ಟಿನ ಮೇಲೆ ಚಮಚ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ತಲೆಯೆತ್ತಿದೆ.

ಅವಳು ನಿಂತಿದ್ದಳು. ಮೊದಲ ಸಲ. ಎಡಗೈ ರೇಡಿಯೇಟರಿನ ಪೈಪನ್ನು ಹಿಡಿದಿತ್ತು. ಬಲಗೈ ಮೇಲಿನ ಹಲಗೆಯ ಕಡೆಗೆ ಚಾಚಿತ್ತು. ಆಂಪ್ಲಿಫೈಯರಿನ ಮೂಲೆಯಲ್ಲಿ ಒಂದು ನೀಲಿ ದೀಪ ಉರಿಯುತ್ತದೆ, ಅದು ಅವಳಿಗೆ ಬೇಕಿತ್ತು. ಕಾಲಲ್ಲಿ ಚಪ್ಪಲಿಯಿತ್ತು. ಚಪ್ಪಲಿ ಕಾಲನ್ನು ಕಾಯುತ್ತದೆ. ಪೈಪು ನೆಲಕ್ಕೆ ಸೇರಿದೆ, ಅದನ್ನು ಹಿಡಿದ ಕೈಗೆ ಚಪ್ಪಲಿಯಿಂದ ಏನೂ ಪ್ರಯೋಜನವಿಲ್ಲ.

ಎದ್ದು ಓಡಿದೆ, ಹೆಡ್‌ಫೋನಿನ ವೈರು ಕುತ್ತಿಗೆಗೆ ಸಿಕ್ಕಿ, ಲ್ಯಾಪ್‌ಟಾಪು ಜಗ್ಗಿ ದಬ್ಬನೆ ನೆಲಕ್ಕೆ ಬಿತ್ತು, ನಾನು ಕುರ್ಚಿಯನ್ನು ಎಡವಿ ಮಂಡಿಯೂರಿದೆ. ಅಲ್ಲಿಂದ ನನಗೆ ಅವಳ ಬೆರಳುಗಳು ಕಾಣುತ್ತಿದ್ದವು. ಆಂಪ್ಲಿಫೈಯರಿಗೂ ಬೆರಳಿಗೂ ನಾಲ್ಕಂಗುಲ ಇರಬಹುದು. ಅವಳು ತುದಿಗಾಲ ಮೇಲೆ ನಿಂತಳು. ನನ್ನ ಮಗುವನ್ನು ನಾನೇ ಕೊಂದೆ ಎಂದು ಅನ್ನಿಸಿತು. ಆ ವಾಕ್ಯ ಇದ್ದ ಹಾಗೆಯೇ, ಪೂರ್ತಿಯಾಗಿ, ತಲೆಯಲ್ಲಿ ಬಂತು.

ಅಡುಗೆಮನೆಯಿಂದ ಅಮ್ಮ ಬಂದದ್ದು ನನಗೆ ಕಾಣಲಿಲ್ಲ. ಮಗುವಿನ ಬೆನ್ನಿನ ಫ್ರಾಕನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಸಲ ಹಿಂದಕ್ಕೆ ಎಳೆದದ್ದು ಮಾತ್ರ ಕಂಡಿತು. ಮಗು ಕಾರ್ಪೆಟ್ಟಿನ ಮೇಲೆ ಕುಕ್ಕರಿಸಿ ಕೂತು ಕಿರುಚಿ ಅಳತೊಡಗಿತು. ಅಷ್ಟು ಚೆನ್ನಾಗಿ ಅತ್ತದ್ದನ್ನು ನಾನು ಇನ್ನೊಂದು ಸಲ ಕೇಳಿಲ್ಲ.

ಗೋಡೆಯ ಪ್ಲಗ್ಗು ಕಿತ್ತೆ. ಮಗುವನ್ನು ಎತ್ತಿಕೊಂಡು ನೆಲದ ಮೇಲೆಯೇ ಕೂತೆ. ಆಗ ಹೊಳೆಯಿತು. ಬೀಳುವ ಮಗುವನ್ನು ಯಾರೂ ಹಾಗೆ ಹಿಡಿಯುವುದಿಲ್ಲ, ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಮೈಗೆ ಕೈ ತಗುಲಿಸದೆ ಬಟ್ಟೆ ಹಿಡಿದು ಎಳೆಯುವುದು ಕರೆಂಟು ಹೊಡೆದವರನ್ನು.

“ನಿಂಗೆ ಗೊತ್ತಿತ್ತಾ?” ಎಂದು ಕೇಳಿದೆ.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಬಂದ ಹೊಸದ್ರಲ್ಲೇ ಒಂದ್ಸಲ ಜುಂ ಅಂತು. ಹೇಳೋಣ ಅಂದ್ರೆ ನೀನೇ ಕೂತು ಮಾಡಿರೋದು. ಅಮ್ಮ ಬಂದ್ಲು, ಒಂದೊಂದಕ್ಕೂ ಹೆಸರಿಡ್ತಾಳೆ ಅಂತ ಬೇಜಾರು ಮಾಡ್ಕೊಂಡ್ರೆ? ಮ್ಯಾಟ್ ಹಾಕಿದ್ರೆ ಸಾಕು ಅನ್ಕೊಂಡೆ. ನಿಂಗೆ ಗೊತ್ತಿಲ್ಲ ಅಂತಿದ್ದೆ ನಾನು.”

“ನಂಗೂ ಗೊತ್ತಿತ್ತು ಅಮ್ಮ.”

ಅವಳು ಬೈದಿದ್ದರೆ ಒಳ್ಳೆಯದಿತ್ತು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.

ಕೆಳಗಿನ ಮನೆಯಲ್ಲಿ ಒಬ್ಬ ಡಚ್ ಹಿರಿಯರಿದ್ದಾರೆ, ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಈ ಊರಿನಲ್ಲಿ ಮುಂಚೆ ಹೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ನಾನು ಹೋಗಿ ಬೆಲ್ ಒತ್ತಿದೆ. ನನ್ನ ಮುಖ ನೋಡಿ, ಏನನ್ನೂ ಕೇಳದೆ, ಉಪಕರಣಗಳ ಚೀಲ ತೆಗೆದುಕೊಂಡು ಬಂದರು. ಪ್ಲಗ್ಗು ಹಾಕಿ, ಟೆಸ್ಟರಿನ ತುದಿಯನ್ನು ಆಂಪ್ಲಿಫೈಯರಿನ ಮೈಗೆ ತಾಗಿಸಿದರು. ಟೆಸ್ಟರಿನ ಹಿಡಿಯೊಳಗೆ ಕೆಂಪು ದೀಪ ಹತ್ತಿತು. ಈ ಅಡಾಪ್ಟರ್ ಹಾಕಿದ್ದು ಯಾರು ಎಂದು ಕೇಳಿದರು. ನಾನು ಎಂದೆ, ಆಂಟೆನಾ ಕೇಬಲ್ ತೆಗೆದಿಟ್ಟದ್ದನ್ನೂ ಹೇಳಿದೆ. ಒಳಗೆ ಸೋರುವ ಕರೆಂಟು ಮೊದಲು ಎಚ್‌ಡಿಎಂಐ ಕೇಬಲ್ ಹಿಡಿದು ಟೀವಿಗೆ ಬಂದು, ಆಂಟೆನಾ ಕೇಬಲ್ಲಿನ ಮೂಲಕ ನೆಲಕ್ಕೆ ಹೋಗುತ್ತಿತ್ತು. ನೀನು ಆ ದಾರಿಯನ್ನೂ ಕಿತ್ತು ಡ್ರಾಯರಿನಲ್ಲಿಟ್ಟೆ ಎಂದರು. ಇವತ್ತಿಗೆ ಬರೀ ಜುಂ ಎನ್ನುತ್ತಿದೆ. ಇಷ್ಟು ಹಳೆಯ ಯಂತ್ರದೊಳಗೆ ಒಂದು ವೈರು ಸಡಿಲವಾಗಿದ್ದರೆ, ಎಂದು ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ಬಾಗಿಲ ಹತ್ತಿರದ ಮೀಟರಿನ ಕಪಾಟು ತೆರೆದರು. ಕರೆಂಟು ಮೈಯೊಳಗೆ ಹರಿದರೆ ತಟ್ಟನೆ ಮನೆಯ ವಿದ್ಯುತ್ತನ್ನೇ ಕಡಿಯುವ ಸ್ವಿಚ್ಚೊಂದು ಅಲ್ಲಿರುತ್ತದೆ, ಹೆದರಬೇಡ ಎನ್ನುತ್ತ ಅದರ ಪರೀಕ್ಷೆಯ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಮನೆಯ ದೀಪಗಳು ಉರಿಯುತ್ತಲೇ ಇದ್ದವು. ಅವರ ಮುಖದ ನಗು ಹೋಯಿತು. ಅಮ್ಮನಿಗೆ ಅವರ ಭಾಷೆ ಬಾರದು, ಆದರೆ ಮುಖ ನೋಡಿ ಅರ್ಥವಾಯಿತು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಬಿಗಿಯಾಗಿ ಹಿಡಿದುಕೊಂಡಳು. ಆ ದಿನ ನಾನು ಊಟ ಮಾಡಲಿಲ್ಲ.

ಮರುದಿನವೇ ಮನೆಯ ಮಾಲೀಕರು ಆ ಸ್ವಿಚ್ಚನ್ನು ಬದಲಿಸಿಕೊಟ್ಟರು. ಕೆಳಗಿನ ಮನೆಯವರು ಆಂಪ್ಲಿಫೈಯರ್ ಬಿಚ್ಚಿ ನೋಡಿ, ಅದಕ್ಕೆ ಇಲ್ಲಿಯ ಅರ್ಥಿಂಗ್ ಇರುವ ಪ್ಲಗ್ಗು ಹಾಕಿಕೊಟ್ಟರು. ಎರಡು ಪಿನ್ನಿನ ಅಡಾಪ್ಟರನ್ನು ಕಸಕ್ಕೆ ಹಾಕಿದೆ. ಎಚ್‌ಡಿಎಂಐ ಬಿಟ್ಟುಬಿಡು, ಟೀವಿಯಿಂದ ಧ್ವನಿಯನ್ನು ಆಪ್ಟಿಕಲ್ ಕೇಬಲ್ಲಿನಲ್ಲಿ ತೆಗೆದುಕೊ ಎಂದು ಅವರೇ ಹೇಳಿದರು. ಅದರೊಳಗೆ ತಾಮ್ರವಿಲ್ಲ, ಬೆಳಕು ಮಾತ್ರ ಹೋಗುತ್ತದೆ. ಗುಂಯ್ ಎನ್ನುವುದಕ್ಕೂ ಜುಂ ಎನ್ನುವುದಕ್ಕೂ ಅಲ್ಲಿ ಜಾಗವಿಲ್ಲ. ಹದಿನೈದು ದಿನ ತಲೆ ಕೆಡಿಸಿಕೊಂಡವಳಿಗೆ ಇದೊಂದು ಹೊಳೆದಿರಲಿಲ್ಲ.

ಗಂಡನಿಗೆ ಅಷ್ಟನ್ನೂ ಹೇಳಿದೆ, ಲ್ಯಾಪ್‌ಟಾಪು ಮುಚ್ಚಿದ್ದನ್ನೂ.

ಕೆಲಸ ಮುಗಿದ ದಿನ ಹಿರಿಯರು ಮತ್ತೆ ಟೆಸ್ಟರ್ ಇಟ್ಟರು. ದೀಪ ಹತ್ತಲಿಲ್ಲ. ಅವರು ಟೀ ಕುಡಿದು ಹೊರಟಾಗ ಅಮ್ಮ ನನ್ನ ತೋಳು ತಟ್ಟಿದಳು.

“ಅದು ಎಲ್ಲಿ ಸಿಗುತ್ತೆ ಕೇಳು. ಆ ದೀಪದ್ದು. ಊರಿಗೆ ಹೋಗೋವಾಗ ಒಂದು ತಗೊಂಡು ಹೋಗ್ತೀನಿ.”

“ಟೆಸ್ಟರಾ? ಅಲ್ಲೇ ಸಿಗುತ್ತಲ್ಲಮ್ಮ. ನಿಂಗ್ಯಾಕೆ ಅದು?”

“ಗ್ರೈಂಡರಿಗೆ.”

“ಅದು ಇನ್ನೂ ಜುಂ ಅನ್ನುತ್ತಾ?”

“ಅನ್ನುತ್ತೆ. ಯಾವಾಗ್ಲೂ ಅನ್ನುತ್ತಲ್ಲ,” ಎಂದಳು. ಬೇಸರವಿಲ್ಲದೆ, ಸುಮ್ಮನೆ ನನಗೆ ನೆನಪಿಸುವ ಹಾಗೆ ಹೇಳಿ, ಲೋಟ ತೊಳೆಯಲು ಒಳಗೆ ಹೋದಳು.

ಆ ಗ್ರೈಂಡರಿನಲ್ಲಿ ರುಬ್ಬಿದ ದೋಸೆ ತಿಂದೇ ನಾನು ಇಷ್ಟು ದೊಡ್ಡವಳಾದದ್ದು. ಒದ್ದೆ ನೆಲ, ಒದ್ದೆ ಕೈ, ವಾರಕ್ಕೆ ಎರಡು ಸಲ. ನಮ್ಮಲ್ಲಿ ಯಾರೂ ಒಂದು ದಿನವೂ ಎಲೆಕ್ಟ್ರಿಷಿಯನ್‌ನನ್ನು ಕರೆಯಲಿಲ್ಲ, ಅವಳ ಚಪ್ಪಲಿ ನೋಡಿ ನಕ್ಕೆವು. ನನಗೆ ಅದೂ ಗೊತ್ತಿತ್ತು.