ಒಂದು ಣಮೋಕಾರದಷ್ಟು ಬೆಳಕು

ಮಿರಜದ ಮಗದುಮ ಎಂಬ ಜೈನ ಮನೆತನದಲ್ಲಿ ಬಾಳಪ್ಪ ಎಂಬವನಿದ್ದ. ಪ್ಲೇಗಿಗೆ ಅಂಜಿ ಊರು ಖಾಲಿಯಾದ ವರ್ಷ ಬಾವಿ ತೋಡಿಸಿದ. ಯಾವ ಜಾತಿಯವನೇ ಬರಲಿ, ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಿ ಕೊಟ್ಟ. ಬಟ್ಟೆಯಲ್ಲಿ ಉಳಿದ ಹುಳವನ್ನು ಮತ್ತೆ ಬಾವಿಗೇ ಬಿಟ್ಟ. ಅವನ ಮಗ ನೇಮಣ್ಣ ಸಾಂಗ್ಲಿ ಪೇಟೆಗೆ ಬೆಲ್ಲದ ಗಾಡಿ ಹೊಡೆಯುತ್ತಿದ್ದ. ಮಳೆಗಾಲದ ನಾಲ್ಕು ತಿಂಗಳು ಗಾಡಿಗೆ ಕಂದೀಲು ಕಟ್ಟಲಿಲ್ಲ. ಬೆಳಕಿಗೆ ಹುಳ ಬಂದು ಸಾಯುತ್ತವೆಂದು ಕತ್ತಲಲ್ಲೇ ಎತ್ತುಗಳ ಮುಂದೆ ನಡೆದ. ನೇಮಣ್ಣನ ಮಗ ಪಾಯಪ್ಪ ಮದುವೆ ಮನೆಗಳ ಗ್ಯಾಸ್‌ಬತ್ತಿ ರಿಪೇರಿ ಮಾಡಿ ಮೂರು ಹೆಣ್ಣುಮಕ್ಕಳ ಕೊರಳಿಗೆ ತಾಳಿ ಕಟ್ಟಿಸಿದ. ಆ ಪಾಯಪ್ಪನ ಮಗ ಶಾಂತಿನಾಥ. ಬತ್ತಿಯ ಕಾಲ ಮುಗಿದಾಗ ಅವನು ಮೋಟಾರಿನ ಹೆಡ್‌ಲೈಟಿಗೆ ಕೈ ಹಾಕಿದ.

ಸಾಂಗ್ಲಿಯ ವಿಶ್ರಾಮಬಾಗದ ರಸ್ತೆಯ ಪಕ್ಕ ತಗಡಿನ ಶೆಡ್ಡು. ಒಡೆದ ಲೈಟು ಬಿಚ್ಚಿ ಹೊಸದು ಕೂರಿಸುವುದು, ಮಹಾಪೂರದಲ್ಲಿ ಮುಳುಗಿದ ಗಾಡಿಯ ಲೈಟಿನೊಳಗಿನ ಕೆಸರು ತೊಳೆಯುವುದು, ಲೈಟಿನ ಹಳದಿಗಟ್ಟಿದ ಮುಖವನ್ನು ನೀರು ಹಚ್ಚಿದ ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸುವುದು ಅವನ ಕೆಲಸ. ಬಲ್ಬನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳಿನ ಜಿಡ್ಡು ಹತ್ತಿದರೆ ಕಾದು ಒಡೆಯುತ್ತದೆ. ಇದನ್ನೆಲ್ಲ ಯಾರಾದರೂ ಮಾಡಿಯಾರು. ಅವನ ಹೆಸರು ನಿಂತದ್ದು ಶೆಡ್ಡಿನ ಎದುರಿನ ಗೋಡೆಯ ಮೇಲೆ. ಗಾಡಿಯನ್ನು ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ, ಲೈಟಿನ ಎತ್ತರ ಅಳೆದು, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಸುಣ್ಣದ ಗೆರೆ ಎಳೆಯುತ್ತಿದ್ದ. ಒಂದು ಲೈಟಿಗೆ ಗೋಣಿಚೀಲ ಮುಚ್ಚಿ, ಇನ್ನೊಂದರ ಬೆಳಕಿನ ಮೇಲಂಚು ಆ ಗೆರೆ ದಾಟದಂತೆ ಸ್ಕ್ರೂ ತಿರುವುತ್ತಿದ್ದ.

“ಸ್ವಲ್ಪ ಮ್ಯಾಲ ಹೊಡೀರಿ ಕಾಕಾ, ದೂರ ಕಾಣ್ಲಿ,” ಎಂದವರಿಗೆ ಬೈಗುಳವೇ.

“ನಿನಗ ದೂರ ಕಂಡ್ರ ಎದರಿಗೆ ಬರಾವಗ ಏನ ಕಾಣ್ತದೋ? ಮಸಣ ಕಾಣ್ತದ!”

ಈ ಕೆಲಸಕ್ಕೆ ಮಬ್ಬುಗತ್ತಲೆ ಬೇಕು. ಹೊತ್ತು ಮುಳುಗುವ ಮೊದಲೇ ಉಂಡು ಗೋಡೆಯ ಮುಂದೆ ನಿಲ್ಲುತ್ತಿದ್ದ. ಮಳೆಗಾಲದಲ್ಲಿ ಮಾತ್ರ ಲೈಟು ಹೊತ್ತಿಸಿದೊಡನೆ ಈಚಲ ಹುಳ ಮುತ್ತುತ್ತಿದ್ದವು. ಅದಕ್ಕೆ ಅವನೊಂದು ಕಟ್ಟಳೆ ಮಾಡಿಕೊಂಡಿದ್ದ. ಒಂದು ಣಮೋಕಾರ ಮಂತ್ರ ಹೇಳಿ ಮುಗಿಸುವಷ್ಟು ಹೊತ್ತು ಲೈಟು, ಆಮೇಲೆ ಬಂದ್. ಅಷ್ಟರಲ್ಲೇ ನೋಡಬೇಕು, ಅಷ್ಟರಲ್ಲೇ ತಿರುವಬೇಕು. ಮೂವತ್ತು ವರ್ಷ ಅಷ್ಟೇ ಸಾಕಾಗಿತ್ತು.

ಕಳೆದ ಶ್ರಾವಣದಲ್ಲಿ ಸಾಂಗ್ಲಿವಾಡಿಯ ದಿಲೀಪ ಬಂದ. ಪಿಕಪ್ಪಿನಲ್ಲಿ ಕಾಯಿಪಲ್ಲೆ ಹೇರುವವನು. ಎಮ್ಮೆ ಗುದ್ದಿ ಬಲಗಡೆಯ ಲೈಟು ಪುಡಿಯಾಗಿತ್ತು. ಶಾಂತಿನಾಥ ಹೊಸದು ಕೂರಿಸಿದ.

“ನಿಮ್ಮ ಮಂತ್ರ ಮುಗಿಯೂದ್ರಾಗ ನನ್ನ ಕೋತಂಬ್ರಿ ಬಾಡ್ತದ ಕಾಕಾ,” ಎಂದು ದಿಲೀಪ ನಕ್ಕ.

ಮಂತ್ರ ಮುಗಿಯಿತು, ಲೈಟು ಆರಿತು. “ಹೋಗು, ಗೆರಿಗೆ ಕುಂತದ,” ಎಂದ ಶಾಂತಿನಾಥ.

ಐದನೆಯ ದಿನ ದಿಲೀಪ ಮತ್ತೆ ಬಂದ. ಈ ಸಲ ಮುಖದಲ್ಲಿ ರಕ್ತವಿರಲಿಲ್ಲ. ಹಿಂದಿನ ಸಂಜೆ ಸೇತುವೆಯ ಹತ್ತಿರ ಒಬ್ಬ ಹುಡುಗ ಪಿಕಪ್ಪಿನ ಎದುರಿಗೆ ಬೈಕಿನಲ್ಲಿ ಬಂದವನು ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯಂಚಿನ ಕಲ್ಲಿಗೆ ಬಡಿದಿದ್ದ.

“ನಾಕ ದಿನಾ ಆತು, ಎದರ ಬಂದಾವ್ರೆಲ್ಲಾ ನನಗ ಬೈತಾರ ಕಾಕಾ. ಒಮ್ಮೆ ನೋಡ್ರಿ.”

ಗಾಡಿ ಗೋಡೆಯ ಮುಂದೆ ನಿಂತಿತು. ಶಾಂತಿನಾಥ ನೋಡಿದ. “ಬರೋಬ್ಬರಿ ಗೆರಿಗೆ ಐತಲ್ಲೋ!”

ಊಟದ ಡಬ್ಬಿ ಒಯ್ಯಲು ಬಂದಿದ್ದ ಸೊಸೆ ಬ್ರಾಹ್ಮಿ ಅಲ್ಲೇ ನಿಂತಿದ್ದಳು. “ಮಾಮಾ, ಗೆರಿ ಮ್ಯಾಲ ಒಂದ ಗೇಣ ಬೆಳಕದ.”

“ಎಲ್ಲಿ?”

ಅವಳು ಗೋಡೆಯ ಹತ್ತಿರ ಹೋಗಿ ಕೈ ಇಟ್ಟು ತೋರಿಸಿದಳು. ಆ ಕೈ ಅವನಿಗೆ ಕಾಣಲಿಲ್ಲ. ಲೈಟು ಹಾಗೇ ಉರಿಯಿತು. ಮಂತ್ರ ಬಾಯಿಗೆ ಬರಲಿಲ್ಲ. ಹುಳ ಬಂದು ಗಾಜಿಗೆ ಬಡಿದು ಬಡಿದು ಬಿದ್ದವು.

ಮಿರಜದ ಕಣ್ಣಿನ ಡಾಕ್ಟರು ಕಾಚಬಿಂದು, ಗ್ಲಾಕೋಮಾ ಅಂದರು. ಎರಡೂ ಕಣ್ಣಿನ ಮೇಲರ್ಧ ನೋಟ ಎಂದೋ ಹೋಗಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು ಎಂದರು. ಈ ರೋಗ ನೋವಿಲ್ಲದೆ ಕದಿಯುವ ಕಳ್ಳ. ಗೆರೆಯ ಮೇಲೆ ಅವನು ಕಂಡ ಕತ್ತಲೆ ಗೋಡೆಯದಲ್ಲ, ತನ್ನ ಕಣ್ಣಿನದೇ. ಬೇಸಿಗೆಯಲ್ಲಿ ತಾಸುಗಟ್ಟಲೆ ನಿಂತು, ಕತ್ತು ಎತ್ತಿ ನೋಡಿ ಹೇಗೋ ಸಾಗಿಸಿದ್ದ. ಮಳೆಗಾಲದ ಆ ಒಂದು ಮಂತ್ರದ ಹೊತ್ತಿನಲ್ಲಿ ಕತ್ತು ಎತ್ತಲು ಪುರಸೊತ್ತೆಲ್ಲಿ? ಹುಳ ಉಳಿಸಲು ಹೋಗಿ ಮನುಷ್ಯನ ಜೀವಕ್ಕೆ ಮುಳುವಾದೆನೆಂಬುದು ಅವನ ತಲೆಯೊಳಗೆ ಮೊಳೆಯಂತೆ ಕೂತಿತು.

ಬಿದ್ದ ಮೂರನೆಯ ದಿನ ಹುಡುಗ ತೀರಿಕೊಂಡ. ಹೆಸರು ಸಂಘರ್ಷ, ಕುಪವಾಡದ ಕಾರಖಾನೆಯಲ್ಲಿ ದುಡಿಯುತ್ತಿದ್ದ, ಇಪ್ಪತ್ತೆರಡರ ಪ್ರಾಯ. ಪೊಲೀಸರು ಕಾಗದದಲ್ಲಿ ವೇಗ ಎಂದು ಬರೆದು ಮುಗಿಸಿದರು. ಶಾಂತಿನಾಥನ ಹೆಸರು ಎಲ್ಲೂ ಬರಲಿಲ್ಲ. ಬರಲಿಲ್ಲವೆಂದೇ ಅವನು ಹುಡುಗನ ತಾಯಿ ಅಂಜನಾಬಾಯಿಯ ಬಾಗಿಲಿಗೆ ಹೋದ. ಜತ್ತ ಕಡೆಯ ಹೆಣ್ಣುಮಗಳು, ಕನ್ನಡ ಬಲ್ಲವಳು. ನಿಂತಲ್ಲೇ ಎಲ್ಲ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

“ಹಣೇಬರಾ ಅಂತ ಅತ್ತ ಸುಮ್ಮನಾಗಿದ್ನಿ ನಾ. ನೀ ಬಂದ ಹೇಳಿದಿ. ನಿನ್ನ ಎದಿ ಹಗರಾತು. ನನ್ನದ?”

ಬಾಗಿಲು ಮುಚ್ಚಿಕೊಂಡಳು.

ಒಂದು ತಿಂಗಳು ಶೆಡ್ಡು ತೆರೆಯಲಿಲ್ಲ. ಗಿರಾಕಿಗಳು ಮನೆಗೇ ಬಂದು ಕರೆದರು. ಕೆಲಸವಿಲ್ಲದೆ ಅಪ್ಪ ಸೊರಗುತ್ತಾನೆಂದು ಮಗ ಹರ್ಷದನೇ ಒಂದು ಸಂಜೆ ಅವನನ್ನು ಶೆಡ್ಡಿಗೆ ಕರೆತಂದ. ಬ್ರಾಹ್ಮಿಯೂ ಜೊತೆಗೆ ಬಂದಳು. ಹೊರಗೆ ಯಾರದೋ ಕಾರು ಕಾಯುತ್ತಿತ್ತು.

“ಅಪ್ಪಾ, ನೀವ ಸ್ಕ್ರೂ ತಿರುವ್ರಿ ಸಾಕು. ಗೆರಿ ಇಕಿ ನೋಡ್ತಾಳ.”

“ಹೌದ್ರಿ ಮಾಮಾ. ನಾ ಮ್ಯಾಲ ಅಂದ್ರ ಮ್ಯಾಲ, ಕೆಳಗ ಅಂದ್ರ ಕೆಳಗ. ನನ್ನ ಕಣ್ಣ ನಿಮ್ಮವಽ ಅನ್ಕೋರಿ.” ಅವಳು ಸ್ಕ್ರೂಡ್ರೈವರನ್ನು ಅವನ ಅಂಗೈಯಲ್ಲಿಟ್ಟಳು.

ಶಾಂತಿನಾಥ ಅದನ್ನು ಹಿಡಿದು ನಿಂತ. ಬೆರಳುಗಳು ಹಳೆಯ ರೂಢಿಯಂತೆ ಹಿಡಿಯನ್ನು ಸುತ್ತಿದವು. ಆಮೇಲೆ ಅದನ್ನು ಸೊಸೆಯ ಕೈಗೇ ತಿರುಗಿ ಕೊಟ್ಟ.

“ಬ್ಯಾಡವ್ವಾ. ನಿನ್ನ ಕಣ್ಣ ನಿನಗಽ ಇರ್ಲಿ. ಗೆರಿ ನೀ ನೋಡಿ, ಸ್ಕ್ರೂ ನಾ ತಿರುವಿದೆ ಅನ್ನು. ನಾಳೆ ಇನ್ನೊಬ್ಬ ಬಿದ್ದ. ನೀ ನನ್ನ ಕೈ ಅಂತಿ, ನಾ ನಿನ್ನ ಕಣ್ಣ ಅಂತೀನಿ. ಹಂಗ ಹಂಚ್ಕೊಂಡ ಹಗರ ಆಗೂದು ನನಗ ಬ್ಯಾಡ. ಹರ್ಷದ, ಆ ಕಾರಿನವ್ರಿಗೆ ಬ್ಯಾರೆ ಕಡೆ ಹೋಗ್ರಿ ಅಂತ ಹೇಳು. ಬಿಡು, ರಟ್ಟಿ ಹಿಡೀಬ್ಯಾಡ. ಕೆಳಗಿನ ಹಾದಿ ನನಗಿನ್ನಾ ಕಾಣ್ತದ, ಒಬ್ಬನಽ ಹೋಗ್ತೀನಿ.”